ಅನುಮತಿಯಿಲ್ಲದ ಕುಸ್ತಿ

ಮೊಳಕಾಲ್ಮೂರಿನಲ್ಲಿರುವ ನನ್ನ ಸೋದರಮಾವನ ಬಲಗೈ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ರೇಷ್ಮೆ ಸೀರೆ ನೇಯುವವನಿಗೆ ಇದು ಸಣ್ಣ ತೊಂದರೆಯಲ್ಲ. ಲಾಳಿ ಹಿಡಿಯುವಾಗ, ಕಡಿದ ಎಳೆಯನ್ನು ಹುರಿಮಾಡಿ ಕೂಡಿಸುವಾಗ ಅವನು ಆ ಬೆರಳನ್ನು ಬಿಟ್ಟು ಉಳಿದ ನಾಲ್ಕರಲ್ಲೇ ನಿಭಾಯಿಸುತ್ತಾನೆ. ಅದನ್ನು ನೋಡುತ್ತಲೇ ಬೆಳೆದ ನನಗೆ ಬಹಳ ವರ್ಷ ಅದರ ಹಿಂದಿನ ಕತೆ ಗೊತ್ತಿರಲಿಲ್ಲ.

ಮಾವ ಕಬಡ್ಡಿ ಆಟಗಾರ. 1990ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಒಂದು ಸಂಸ್ಥೆಯ ತಂಡಕ್ಕೆ ಆಡುತ್ತಿದ್ದ. ಕೆಲಸ ಕಾಯಂ ಆಗಿರಲಿಲ್ಲ, ವರ್ಷವರ್ಷಕ್ಕೂ ಕರಾರು. ಅನುಮತಿ ಇಲ್ಲದೆ ಹೊರಗೆ ಯಾವ ಪಂದ್ಯವನ್ನೂ ಆಡಕೂಡದು ಎಂಬ ಸಾಲು ಆ ಕರಾರಿನಲ್ಲಿತ್ತು. ಒಂದು ಬೇಸಿಗೆಯಲ್ಲಿ ಜಾತ್ರೆಗೆಂದು ಊರಿಗೆ ಬಂದಾಗ ಗರಡಿಯ ಹುಡುಗರು ಅವನಿಗೊಂದು ಜೋಡಿ ಕಟ್ಟಿದರು. ಊರಿನವರ ಮುಂದೆ ಒಲ್ಲೆ ಎನ್ನಲಾಗಲಿಲ್ಲ. ಕುಸ್ತಿ ಗೆದ್ದ, ಬೆರಳು ಹೋಯಿತು. ಸಂಸ್ಥೆಯವರು ಚಿಕಿತ್ಸೆಗೆ ಕಾಸು ಕೊಡಲಿಲ್ಲ. ನಿಯಮ ಮುರಿದನೆಂದು ನೋಟಿಸು ಕೊಟ್ಟರು, ಮುಂದಿನ ವರ್ಷ ಕರಾರನ್ನೂ ಮುಂದುವರಿಸಲಿಲ್ಲ. ಮಾವ ಮಗ್ಗಕ್ಕೆ ಮರಳಿದ.

1998ರಲ್ಲಿ ನಾನು ಚಳ್ಳಕೆರೆಯಲ್ಲಿ ಎಂಟನೇ ತರಗತಿ. ಶೇಂಗಾ ಎಣ್ಣೆಯ ವಾಸನೆ ಹೊಡೆಯುವ ಮಿಲ್ಲುಗಳ ಹಿಂದಿನ ಓಣಿಯಲ್ಲಿ ನಾವು ಕುಸ್ತಿಪಟುಗಳ ಚಿತ್ರವಿರುವ ಟ್ರಂಪ್ ಕಾರ್ಡು ಆಡುತ್ತಿದ್ದೆವು. ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲ ಬಾಯಿಪಾಠ. ಮನೆಗೆ ಬಂದಿದ್ದ ಮಾವ ಒಮ್ಮೆ ಟಿವಿಯಲ್ಲಿ ಆ ಕುಸ್ತಿ ನೋಡಿ, "ಇವ್ರು ಬೀಳೋದನ್ನ ಚೆನ್ನಾಗಿ ಕಲ್ತಿದಾರೆ ಕಣೋ" ಎಂದಿದ್ದ. ಅದು ಹೊಗಳಿಕೆಯೋ ಗೇಲಿಯೋ ಆಗ ತಿಳಿಯಲಿಲ್ಲ.

ಅದೇ ವರ್ಷದ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ಫೈನಲ್ ಸರಣಿ ನಡೆಯುತ್ತಿತ್ತು. ಜೂನ್ 7ರಂದು ಶಿಕಾಗೊ ಬುಲ್ಸ್ ತಂಡ ಯೂಟಾ ಜಾಜ್ ತಂಡವನ್ನು 96-54ರಿಂದ ಸೋಲಿಸಿತು. ಮರುದಿನ ಬುಲ್ಸ್ ತಂಡದ ಡೆನಿಸ್ ರಾಡ್‌ಮನ್ ಅಭ್ಯಾಸಕ್ಕೆ ಬರಲಿಲ್ಲ. ಆತ ಡೆಟ್ರಾಯಿಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ, ಡಬ್ಲ್ಯುಸಿಡಬ್ಲ್ಯು ಕಂಪನಿಯ ಕುಸ್ತಿ ಪ್ರದರ್ಶನದಲ್ಲಿ ಹಲ್ಕ್ ಹೋಗನ್ ಪಕ್ಕ ನಿಂತು ಎದುರಾಳಿಗೆ ಕುರ್ಚಿಯಿಂದ ಬಾರಿಸುತ್ತಿದ್ದ. 10 ಸಾವಿರ ಡಾಲರ್ ದಂಡ ಬಿತ್ತು. ಆದರೆ ತಂಡ ಅವನನ್ನು ಹೊರಗಿಡಲಿಲ್ಲ. ಜೂನ್ 10ರಂದು ಅವನು ಆಡಿದ, ಬುಲ್ಸ್ 86-82ರಿಂದ ಗೆದ್ದಿತು. ಜೂನ್ 14ಕ್ಕೆ ಪ್ರಶಸ್ತಿಯೂ ಬಂತು. ಜುಲೈ 12ರಂದು ಸ್ಯಾನ್ ಡಿಯೇಗೊದ ಕುಸ್ತಿ ಅಖಾಡದಲ್ಲಿ ಹೋಗನ್ ಮತ್ತು ರಾಡ್‌ಮನ್ ಜೋಡಿಗೆ ಎದುರಾಗಿ ನಿಂತವರಲ್ಲಿ ಒಬ್ಬ ಕಾರ್ಲ್ ಮಲೋನ್. ತಿಂಗಳ ಹಿಂದೆ ಫೈನಲ್‌ನಲ್ಲಿ ಸೋತ ಯೂಟಾ ತಂಡದ ದೊಡ್ಡ ಆಟಗಾರ ಅವನೇ!

ಇದೇನೂ ಹೊಸ ಹುಚ್ಚಲ್ಲ. ಶಿಕಾಗೊ ಬೇರ್ಸ್ ತಂಡದ ಬ್ರಾಂಕೊ ನಗುರ್‌ಸ್ಕಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದಾಗಲೇ ವೃತ್ತಿಪರ ಕುಸ್ತಿಗೂ ಇಳಿದಿದ್ದ. 1937ರ ಜೂನ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಡೀನ್ ಡೆಟನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಪಟ್ಟ ಪಡೆದ. ಆ ವರ್ಷದ ಫುಟ್‌ಬಾಲ್ ಮುಗಿದ ಮೇಲೆ ಸಂಬಳದ ತಕರಾರಿನಿಂದ ತಂಡವನ್ನೇ ಬಿಟ್ಟು ಕುಸ್ತಿಯಲ್ಲಿ ಉಳಿದ. ಎರಡನೇ ಮಹಾಯುದ್ಧದಿಂದ ಆಟಗಾರರು ಸಾಲದಾದಾಗ, 1943ರಲ್ಲಿ, ಅದೇ ತಂಡ ಅವನನ್ನು ಮರಳಿ ಕರೆಯಿತು. ಆ ಕಾಲದ ಆಟಗಾರನಿಗೆ ಕುಸ್ತಿ ಮೋಜಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

ಟೆಲಿವಿಷನ್ನಿನ ಹಣ ಬಂದು ಆಟಗಾರರ ಬೆಲೆ ಏರಿದ ಮೇಲೆ ತಂಡಗಳು ಬಿಗಿಯಾದವು. ಕೆವಿನ್ ಗ್ರೀನ್ 1996ರ ಜೂನ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಕುಸ್ತಿಯಾಡಿದ. ಅದಾದ ಮೇಲಿನ ಫುಟ್‌ಬಾಲ್ ಋತುವಿನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವುವ ಲೆಕ್ಕದಲ್ಲಿ ಇಡೀ ಲೀಗ್‌ಗೇ ಮೊದಲಿಗನಾದ. ಕುಸ್ತಿಯಿಂದ ಅವನ ಆಟ ಕೆಟ್ಟಿತೆನ್ನಲು ಯಾರಿಗೂ ಬಾಯಿಯಿರಲಿಲ್ಲ. ಆದರೂ 1998ರ ಸುಮಾರಿಗೆ ಅವನ ಕರಾರಿನಲ್ಲಿ ಕುಸ್ತಿ ಕೂಡದೆಂಬ ಷರತ್ತು ಸೇರಿತು.

ಈ ಷರತ್ತಿನ ವಿಚಿತ್ರ ತುದಿಯನ್ನು ಕಾಣಬೇಕಾದರೆ 2007ಕ್ಕೆ ಬರಬೇಕು. ಟೆನೆಸಿ ಟೈಟನ್ಸ್ ತಂಡದ ಆ್ಯಡಮ್ ಜೋನ್ಸ್ ಎಂಬ ಆಟಗಾರನನ್ನು ಅಶಿಸ್ತಿಗಾಗಿ ಫುಟ್‌ಬಾಲ್ ಲೀಗ್ ಇಡೀ ಋತುವಿಗೆ ಅಮಾನತು ಮಾಡಿತ್ತು. ಆಡುವಂತಿಲ್ಲ, ಸಂಬಳವಿಲ್ಲ. ಅವನು ಟಿಎನ್‌ಎ ಎಂಬ ಕುಸ್ತಿ ಕಂಪನಿ ಸೇರಿದ. ತಂಡ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿತು. ಕೊನೆಗೆ ಆದ ಒಪ್ಪಂದ ಇದು: ಅವನು ಅಖಾಡಕ್ಕೆ ಬರಬಹುದು, ಆದರೆ ಯಾರನ್ನೂ ಮುಟ್ಟಕೂಡದು, ಯಾರೂ ಅವನನ್ನು ಮುಟ್ಟಕೂಡದು. ಸೆಪ್ಟೆಂಬರ್ 9ರಂದು ಜೋನ್ಸ್ ಮತ್ತು ಅವನ ಜೊತೆಗಾರ ರಾನ್ ಕಿಲ್ಲಿಂಗ್ಸ್ ಜೋಡಿ ಚಾಂಪಿಯನ್‌ಗಳಾದರು. ಮೈಗೆ ಮೈ ತಾಗಿಸದೆ ಕುಸ್ತಿಯ ಚಾಂಪಿಯನ್! ನಮ್ಮ ಜಾತ್ರೆಯಲ್ಲಾಗಿದ್ದರೆ ಮಣ್ಣು ತೂರಿ ಓಡಿಸುತ್ತಿದ್ದರು.

ಹಾಗೆಂದು ತಂಡಗಳ ಭಯ ಸುಳ್ಳೆನ್ನಲಾಗದು. 1976ರ ಜೂನ್ 26ರಂದು ಟೋಕಿಯೊದಲ್ಲಿ ಬಾಕ್ಸರ್ ಮುಹಮ್ಮದ್ ಅಲಿ, ಕುಸ್ತಿಪಟು ಆಂಟೋನಿಯೊ ಇನೋಕಿ ಎದುರು ನಿಂತ. ಇನೋಕಿ 15 ಸುತ್ತುಗಳ ಬಹುಪಾಲು ನೆಲದ ಮೇಲೆ ಮಲಗಿಯೇ ಅಲಿಯ ಕಾಲಿಗೆ ಒದೆಯುತ್ತಿದ್ದ. ಪಂದ್ಯ ಸಮವಾಯಿತು, ಜನ ಬೈದರು. ಅಲಿಯ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಎರಡೇ ದಿನದ ಮೋಜಿಗೆ ಜಗತ್ತಿನ ಅತಿ ದೊಡ್ಡ ಬಾಕ್ಸರನ ಕಾಲು ಹೋಗುವುದರಲ್ಲಿತ್ತು. ಕೋಟಿಗಟ್ಟಲೆ ಸುರಿದ ಯಜಮಾನ ಆಟಗಾರನ ಮೈಕೈ ಬಗ್ಗೆ ಯೋಚಿಸಿದರೆ ತಪ್ಪೇನು ಎಂದು ನನಗೂ ಅನಿಸುತ್ತದೆ.

ಇಂಥ ಕಟ್ಟುಪಾಡು ನಮ್ಮಲ್ಲೂ ಇದೆ. ಸಕ್ರಿಯವಾಗಿರುವ ಪುರುಷ ಕ್ರಿಕೆಟಿಗರು ಹೊರದೇಶದ ಟಿ20 ಲೀಗುಗಳಲ್ಲಿ ಆಡಲು ಭಾರತೀಯ ಕ್ರಿಕೆಟ್ ಮಂಡಳಿ ಬಿಡುವುದಿಲ್ಲ. ನಮ್ಮ ರಾಬಿನ್ ಉತ್ತಪ್ಪ 2022ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಕ್ರಿಕೆಟ್ಟಿನ ಎಲ್ಲ ಮಾದರಿಗಳಿಗೂ ವಿದಾಯ ಹೇಳಿ, 2023ರ ಜನವರಿಯಲ್ಲಿ ದುಬೈ ಕ್ಯಾಪಿಟಲ್ಸ್ ಪರ ಆಡಿದರು. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದು ಬಾಗಿಲು. ಅದಕ್ಕೂ ಮೊದಲು, 2007ರಲ್ಲಿ ಹುಟ್ಟಿದ ಇಂಡಿಯನ್ ಕ್ರಿಕೆಟ್ ಲೀಗ್ ಸೇರಿದವರನ್ನು ಮಂಡಳಿ ದೇಶಿ ಕ್ರಿಕೆಟ್ಟಿನಿಂದಲೇ ದೂರವಿಟ್ಟಿತ್ತು. ಅವರಿಗೆ ಕ್ಷಮೆ ಸಿಕ್ಕಿದ್ದು 2009ರಲ್ಲಿ.

ಅನುಮತಿ ಎಂಬುದು ನಮ್ಮ ಗರಡಿಗಳಿಗೂ ಹೊಸದಲ್ಲ. ಚಿತ್ರದುರ್ಗದ ಕೋಟೆಯೊಳಗೆ ಗರಡಿಮನೆ ಇದೆ. ನಾಯಕರ ಆಳ್ವಿಕೆ 1779ರಲ್ಲಿ ಹೈದರಾಲಿಯ ಕೈಗೆ ಸಿಕ್ಕಿ ಮುಗಿದರೂ ಈ ಸೀಮೆಯ ಊರುಗಳಲ್ಲಿ ತಾಲೀಮು ನಿಲ್ಲಲಿಲ್ಲ. ಗರಡಿಯಲ್ಲಿ ಉಸ್ತಾದರ ಮಾತು ಮೀರಿ ಯಾರೂ ಜೋಡಿ ಒಪ್ಪುವಂತಿರಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನವೂ ತಂದೆತಾಯಿಯರ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದೇ ಹೇಳುತ್ತದೆ. ಈ ನೆಲದಲ್ಲಿ ವಿಧೇಯತೆಯ ಪಾಠಕ್ಕೆ ಎರಡು ಸಾವಿರ ವರ್ಷ ಮೀರಿದ ವಯಸ್ಸು.

ಆದರೆ ಗರಡಿಯ ಕಟ್ಟುಪಾಡಿಗೂ ಕರಾರಿನ ಸಾಲಿಗೂ ಒಂದು ವ್ಯತ್ಯಾಸವಿದೆ. ಮಾವನ ಬೆರಳು ತಿರುಚಿದ ರಾತ್ರಿ ಅದಕ್ಕೆ ಎಣ್ಣೆ ಹಚ್ಚಿ, ಬಿದಿರು ಸೀಳಿನಿಂದ ಕಟ್ಟು ಹಾಕಿದ್ದು ಗರಡಿಯ ಉಸ್ತಾದರು. ಅವರೂ ಬೈದಿದ್ದರು. "ನನ್ನ ಕೇಳ್ದೆ ಯಾಕೆ ಇಳಿದ್ಯೋ" ಎಂದಿದ್ದರಂತೆ. ಬೈದು, ತಿಂಗಳುಗಟ್ಟಲೆ ಮನೆಗೆ ಬಂದು ಕಟ್ಟು ಬದಲಾಯಿಸಿದರು. ಬೆರಳು ಸರಿಹೋಗಲಿಲ್ಲ ನಿಜ. ಆದರೆ ಬೇಡವೆನ್ನುವ ಹಕ್ಕು ಅವರಿಗೆ ಬಂದಿದ್ದು ಆ ಕಟ್ಟು ಹಾಕುವ ಕೈಯಿಂದ. ಸಂಸ್ಥೆಗೆ ಮಾವನ ಮೈ ಬೇಕಾಗಿದ್ದು ಅದು ನೆಟ್ಟಗಿದ್ದಾಗ ಮಾತ್ರ.

ಇನ್ನೊಂದು ವ್ಯತ್ಯಾಸ ಆಟಗಾರರ ನಡುವಿನದು. ನಿಯಮ ಮುರಿದ ರಾಡ್‌ಮನ್ ದಂಡ ಕಟ್ಟಿ ಎರಡನೇ ದಿನ ಫೈನಲ್ ಆಡಿದ, ಯಾಕೆಂದರೆ ಅವನಿಲ್ಲದೆ ತಂಡಕ್ಕೆ ನಡೆಯುತ್ತಿರಲಿಲ್ಲ. ನಿಯಮ ಮುರಿದ ಮಾವ ಕೆಲಸ ಕಳೆದುಕೊಂಡ, ಯಾಕೆಂದರೆ ಅವನ ಜಾಗಕ್ಕೆ ಹತ್ತು ಜನ ಕಾದಿದ್ದರು. ಬರೆಯುವಾಗ ಎಲ್ಲರಿಗೂ ಒಂದೇ ಆಗಿರುವ ನಿಯಮ, ಜಾರಿಯಾಗುವಾಗ ಆಟಗಾರನ ತೂಕ ನೋಡುತ್ತದೆ. ಆಟದ ಚರಿತ್ರೆ ಬರೆಯುವವರು ರಾಡ್‌ಮನ್‌ನ ಕತೆಯನ್ನು ತಮಾಷೆಯಾಗಿ ಹೇಳುತ್ತಾರೆ. ಅದು ತಮಾಷೆಯಾಗಿ ಉಳಿದಿದ್ದೇ ಅವನು ದೊಡ್ಡವನಾಗಿದ್ದರಿಂದ.

ಹೋದ ವರ್ಷ ಮೊಳಕಾಲ್ಮೂರಿಗೆ ಹೋದಾಗ ಮಾವನಿಗೆ ಫೋನಿನಲ್ಲಿ ರಾಡ್‌ಮನ್ ಮತ್ತು ಮಲೋನ್ ಸೆಣಸಿದ ಆ ಹಳೆಯ ಕುಸ್ತಿ ತೋರಿಸಿದೆ. ಮಗ್ಗ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದ. ಇಬ್ಬರೂ ಬೇರೆ ಆಟದವರು, ತಂಡ ಬೇಡವೆಂದರೂ ಒಬ್ಬ ಹೋಗುತ್ತಿದ್ದ ಎಂದೆ.

"ಅವ್ನಿಗೆ ಏನಾದ್ರೂ ಆಯ್ತಾ?" ಎಂದು ಕೇಳಿದ.

"ಇಲ್ಲ ಮಾವ, ದಂಡ ಕಟ್ಟಿದ ಅಷ್ಟೇ."

"ಒಳ್ಳೇದಾತು ಬಿಡು" ಎಂದ. ಆ ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ನಾನು ತಡೆಯಲಾರದೆ, ನಿನಗೆ ಆ ದಿನ ಇಳಿಯಬಾರದಿತ್ತು ಅನಿಸಲಿಲ್ಲವೇ ಎಂದು ಕೇಳಿಯೇಬಿಟ್ಟೆ. ಮಾವ ಲಾಳಿ ಕೈಗೆತ್ತಿಕೊಂಡ. "ಕಬಡ್ಡಿ ಆಡಿದ್ದು ಅವರ ಅಂಗಿ ಹಾಕ್ಕೊಂಡು. ಅವತ್ತು ಮಟ್ಟಿಗೆ ಇಳಿದಾಗ ಮೈಮೇಲೆ ಅಂಗೀನೇ ಇರಲಿಲ್ಲ ನೋಡು" ಎಂದು ಹೇಳಿ ಮತ್ತೆ ನೇಯತೊಡಗಿದ.