ವ್ಯಾಪಾರಿಗಳ ಬಂದರು

ಕೋಪನ್‌ಹೇಗನ್ ನಗರದ ಡೇನಿಷ್ ಹೆಸರಿಗೆ ‘ವ್ಯಾಪಾರಿಗಳ ಬಂದರು’ ಎಂಬ ಅರ್ಥವಿದೆ. ನಾನು ಅಲ್ಲಿಗೆ ಹೋಗಿದ್ದಾಗ ಪ್ರವಾಸಿಗರು ನ್ಯೂಹಾವ್ನ್ ಕಾಲುವೆ ದಂಡೆಯ ಬಣ್ಣದ ಮನೆಗಳೆದುರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಹುಡುಕಿಕೊಂಡು ಹೋದದ್ದು ಬೋರ್ಸೆನ್ ಎಂಬ ಹಳೆಯ ವಾಣಿಜ್ಯ ಕಟ್ಟಡವನ್ನು. ದೊರೆ ನಾಲ್ಕನೆಯ ಕ್ರಿಶ್ಚಿಯನ್ 1619ರಲ್ಲಿ ಇದರ ಕೆಲಸ ಆರಂಭಿಸಿದ. ಹಡಗಿನ ಸರಕು ನೇರವಾಗಿ ಇಳಿಯಲೆಂದು ನೀರಿನಂಚಿನಲ್ಲೇ ಕಟ್ಟಿಸಿದ.

ಆ ಹೊತ್ತಿಗೆ ಅವನ ಹಡಗುಗಳು ನಮ್ಮ ಕಡೆಗೆ ಹೊರಟಾಗಿತ್ತು. 1618ರಲ್ಲಿ ಓವೆ ಗೆಡ್ಡೆ ಎಂಬ ತರುಣನ ನೇತೃತ್ವದಲ್ಲಿ ಹೊರಟ ಪಡೆಗೆ ಸಿಂಹಳದಲ್ಲಿ ನೆಲೆ ಸಿಗಲಿಲ್ಲ. ದಾರಿಯುದ್ದಕ್ಕೂ ಅನೇಕ ನಾವಿಕರು ಸತ್ತರು. ಕೊನೆಗೆ 1620ರಲ್ಲಿ ತಂಜಾವೂರಿನ ರಘುನಾಥ ನಾಯಕ ಕಾವೇರಿ ಸೀಮೆಯ ತರಂಗಂಬಾಡಿಯಲ್ಲಿ ಜಾಗ ಕೊಟ್ಟ. ಈ ನಾಯಕರ ಮನೆತನ ವಿಜಯನಗರದ ಅಧೀನದಲ್ಲಿ ಬೆಳೆದು ಬಂದದ್ದು. ಅವನು ಡೇನಿಷ್ ದೊರೆಗೆ ತಮಿಳಿನಲ್ಲಿ ಬರೆಸಿ ಕಳಿಸಿದ ಚಿನ್ನದ ಓಲೆ ಇಂದಿಗೂ ಕೋಪನ್‌ಹೇಗನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಇಬ್ಬರು ಅರಸರ ಸ್ನೇಹಕ್ಕೆ ಅದು ಸಾಕ್ಷಿ.

ಸರಕಿನ ಕಥೆ ಮಾತ್ರ ಬೇರೆ. ಬೋರ್ಸೆನ್ನಿನಿಂದ ಸೇತುವೆ ದಾಟಿದರೆ ಕ್ರಿಶ್ಚಿಯನ್ಸ್‌ಹಾವ್ನ್. ಅಲ್ಲಿ 1732ರಲ್ಲಿ ಹುಟ್ಟಿದ ಏಷ್ಯಾಟಿಕ್ ಕಂಪನಿಯ ಉಗ್ರಾಣವೊಂದು ಇನ್ನೂ ನಿಂತಿದೆ. ಭಾರತದ ಹತ್ತಿ ಬಟ್ಟೆ ಈ ಊರಿಗೆ ಬಂದಿಳಿಯುತ್ತಿತ್ತು. ಅದರಲ್ಲಿ ಒಂದು ಪಾಲು ಮತ್ತೆ ಹಡಗೇರಿ ಪಶ್ಚಿಮ ಆಫ್ರಿಕಾದ ಡೇನಿಷ್ ಕೋಟೆಗಳಿಗೆ ಹೋಗುತ್ತಿತ್ತು. ಅಲ್ಲಿ ಬಟ್ಟೆ ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಆ ಮನುಷ್ಯರು ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗಳಲ್ಲಿ ದುಡಿದರು. ಅವರು ಬೆಳೆದ ಕಬ್ಬಿನ ಸಕ್ಕರೆ ಇದೇ ಬಂದರಿಗೆ ಬಂತು. ನಮ್ಮ ನೇಕಾರರ ಮಗ್ಗಕ್ಕೂ ಗುಲಾಮರ ಸಂಕೋಲೆಗೂ ಹೀಗೆ ನಂಟು ಬಿತ್ತು. ಅದನ್ನು ಆ ನೇಕಾರ ಊಹಿಸಿರಲಾರ.

ಗುಲಾಮರ ಸಾಗಾಟವನ್ನು ನಿಲ್ಲಿಸುವ ಆಜ್ಞೆ 1792ರಲ್ಲಿ ಹೊರಟು, 1803ರಿಂದ ಜಾರಿಗೆ ಬಂತು. ದ್ವೀಪಗಳಲ್ಲಿದ್ದ ಗುಲಾಮರಿಗೆ ಬಿಡುಗಡೆ ಸಿಗಲು 1848ರವರೆಗೆ ಕಾಯಬೇಕಾಯಿತು. ಅದಕ್ಕೆ ಮೂರು ವರ್ಷ ಮೊದಲು, 1845ರಲ್ಲಿ, ಡೇನರು ತರಂಗಂಬಾಡಿಯನ್ನು ಇಂಗ್ಲಿಷರಿಗೆ ಮಾರಿದ್ದರು. ಊರಿನವರನ್ನು ಯಾರೂ ಕೇಳಲಿಲ್ಲ.

2024ರ ಏಪ್ರಿಲ್ 16ರಂದು ಬೋರ್ಸೆನ್ನಿಗೆ ಬೆಂಕಿ ಬಿತ್ತು. ನಾಲ್ಕು ಡ್ರ್ಯಾಗನ್‌ಗಳ ಬಾಲ ಹೆಣೆದಂತಿದ್ದ ಗೋಪುರ ಕುಸಿಯಿತು. ದಾರಿಹೋಕರೂ ಕೈಜೋಡಿಸಿ ಒಳಗಿದ್ದ ಚಿತ್ರಗಳನ್ನು ಹೊತ್ತು ಹೊರತಂದರು. ಅವುಗಳಲ್ಲಿ ಕ್ರೊಯೆರ್ 1895ರಲ್ಲಿ ಬರೆದ ದೊಡ್ಡ ಚಿತ್ರವೂ ಒಂದು. ನಗರದ ಗಣ್ಯ ವರ್ತಕರು ಅದರಲ್ಲಿ ಗುರುತು ಸಿಗುವಂತೆ ಸಾಲಾಗಿ ನಿಂತಿದ್ದಾರೆ. ಉಳಿಸಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಆ ವರ್ತಕರಿಗಿಂತ ಹಿಂದೆ ಬಟ್ಟೆ ನೇಯ್ದವರ, ಬಟ್ಟೆಗೆ ಬದಲಾಗಿ ಮಾರಾಟವಾದವರ ಮುಖವನ್ನು ಯಾವ ಚಿತ್ರಕಾರನೂ ಬರೆದಿಡಲಿಲ್ಲ. ಅವರು ಸಿಕ್ಕರೆ ಕಂಪನಿಯ ಲೆಕ್ಕದ ಪುಸ್ತಕಗಳಲ್ಲೇ ಸಿಗಬೇಕು, ಅಲ್ಲಿಯೂ ಬಹುಪಾಲು ಹೆಸರಿಲ್ಲದೆ, ಬರಿಯ ಅಂಕಿಗಳಾಗಿ. ಬಂದರಿನ ಚರಿತ್ರೆ ಓದುವವರು ಆ ಅಂಕಿಗಳ ಬಳಿ ತುಸು ಹೊತ್ತು ನಿಲ್ಲಬೇಕು.