ಬೆಟ್ಟದ ಹೊಗೆ, ಅಡುಗೆಮನೆಯ ಒಲೆ

ಪದವಿ ತರಗತಿಯಲ್ಲಿ ತರ್ಕಶಾಸ್ತ್ರವೆಂದರೆ ನನಗೆ ಸಾಕ್ರಟೀಸ್ ಮರ್ತ್ಯನೆಂಬ ಮೂರು ಸಾಲಿನ ಬಾಯಿಪಾಠ. ವಾಕ್ಯಗಳ ಆಕಾರ ಸರಿಯಿದ್ದರೆ ಅಂಕ ಸಿಗುತ್ತಿತ್ತು. ಆಮೇಲೆ ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದೆ. 17ನೇ ಶತಮಾನದಲ್ಲಿ ಎಳೆಯ ವಿದ್ಯಾರ್ಥಿಗಳಿಗೆಂದೇ ಬರೆದ ಈ ಪುಟ್ಟ ಪುಸ್ತಕ ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ತರ್ಕದ ಮೊದಲ ಪಾಠ.

ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆಯೆಂದು ತಾನು ತಿಳಿದುಕೊಳ್ಳುವುದು ಸ್ವಾರ್ಥಾನುಮಾನ. ಅದನ್ನು ಇನ್ನೊಬ್ಬರಿಗೆ ಮನಗಾಣಿಸುವುದು ಪರಾರ್ಥಾನುಮಾನ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳು ಬೇಕಾಗುವುದು ಎರಡನೆಯದಕ್ಕೆ. ಅರಿಸ್ಟಾಟಲನ ಮೂರು ವಾಕ್ಯಗಳಲ್ಲಿ ಉದಾಹರಣೆಗೆ ಜಾಗವಿಲ್ಲ. ಇಲ್ಲಿ ಅದು ಬೇಕೇ ಬೇಕು. ಅದೂ ಕೇಳುವವನು ಕಣ್ಣಾರೆ ಕಂಡಿರುವ ಅಡುಗೆಮನೆ.

ತರ್ಕವೆಂದರೆ ಎದುರಿನವರ ಬಾಯಿ ಮುಚ್ಚಿಸುವ ವಿದ್ಯೆ ಎಂದುಕೊಂಡಿದ್ದೆ. ಇಬ್ಬರೂ ಒಪ್ಪುವ ಒಲೆಯೊಂದನ್ನು ಮೊದಲು ಹುಡುಕಬೇಕೆಂದು ಗೊತ್ತಿದ್ದರೆ, ಆಗ ಗೆದ್ದ ಎಷ್ಟೋ ವಾದಗಳನ್ನು ನಾನು ಶುರುವೇ ಮಾಡುತ್ತಿರಲಿಲ್ಲ.