ಬಿಲ್ಹಣನ ದೇಶಾಟನ

ಕಾಶ್ಮೀರದ ಪ್ರವರಪುರಕ್ಕೆ ಸಮೀಪದ ಖೋನಮುಖ ಗ್ರಾಮದಲ್ಲಿ ಜನಿಸಿದ ಬಿಲ್ಹಣನು ವಿದ್ಯಾಭ್ಯಾಸವನ್ನು ಮುಗಿಸಿ ದೇಶಾಟನಕ್ಕೆ ಹೊರಟನು. ಮಥುರಾ, ಕನ್ಯಾಕುಬ್ಜ, ಪ್ರಯಾಗ, ವಾರಾಣಸಿಗಳನ್ನು ಕಂಡು, ಡಾಹಲದ ಕರ್ಣನ ಆಸ್ಥಾನದಲ್ಲಿದ್ದು, ಸೋಮನಾಥವನ್ನೂ ಸೇತುವನ್ನೂ ಸಂದರ್ಶಿಸಿ, ಕಡೆಗೆ ಕಲ್ಯಾಣವನ್ನು ಸೇರಿದನು. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076–1126) ಅವನಿಗೆ ವಿದ್ಯಾಪತಿ ಪದವಿಯನ್ನಿತ್ತು ಮನ್ನಿಸಿದನು. ‘ವಿಕ್ರಮಾಂಕದೇವಚರಿತ’ವು ಆ ಆಶ್ರಯದ ಫಲ.

ಕಾವ್ಯದ 18 ಸರ್ಗಗಳಲ್ಲಿ ಕಡೆಯದೊಂದು ಕವಿಯ ಸ್ವಂತ ವೃತ್ತಾಂತ. ಉಳಿದ ಕಡೆ ಆಶ್ರಯದಾತನ ಪಕ್ಷಪಾತವು ಸ್ಪಷ್ಟವಾಗಿದೆ. ಅಣ್ಣ ಸೋಮೇಶ್ವರನನ್ನು ತಳ್ಳಿ ಪಟ್ಟವೇರಿದುದಕ್ಕೂ ಶಿವಾಜ್ಞೆಯೇ ಕಾರಣವೆಂದು ಹೇಳಿದೆ. ಕಡೆಯ ಸರ್ಗದಲ್ಲಾದರೋ ಹುಟ್ಟೂರು, ಮನೆತನ, ನಡೆದ ದಾರಿ, ಧಾರೆಯ ಭೋಜನನ್ನು ಕಾಣದೆಹೋದ ಅಳಲು, ಇವೆಲ್ಲವೂ ಬಂದಿವೆ. 1875ರಲ್ಲಿ ಬ್ಯೂಲರ್ ಪಂಡಿತರು ಈ ಗ್ರಂಥವನ್ನು ಪ್ರಕಟಿಸಿದಂದಿನಿಂದ ಕವಿಯ ಕಾಲನಿರ್ಣಯಕ್ಕೆ ಈ ಸರ್ಗವೇ ಮುಖ್ಯಾಧಾರಗಳಲ್ಲೊಂದಾಗಿದೆ.

ಕುಂಕುಮಕೇಸರಿಯೂ ಕವಿತೆಯೂ ಒಡಹುಟ್ಟಿದವು, ಶಾರದಾದೇಶದ ಹೊರಗೆ ಅವು ಮೊಳೆಯವೆಂದು ಬಿಲ್ಹಣನು ಮೊದಲನೆಯ ಸರ್ಗದಲ್ಲಿ ಹೆಮ್ಮೆಪಡುತ್ತಾನೆ. ಆದರೆ ಆ ಮಾತನ್ನೊಳಗೊಂಡ ಕಾವ್ಯವೇ ಕನ್ನಡನಾಡಿನಲ್ಲಿ ಬೆಳೆದುದು. ತವರನ್ನು ಅಷ್ಟು ಅಕ್ಕರೆಯಿಂದ ಬಣ್ಣಿಸಿದುದೂ ಅದನ್ನು ಬಿಟ್ಟು ಬಂದ ಮೇಲೆಯೇ. ಕವಿಯ ಯಾತ್ರೆಯು ಅವನ ಹೆಮ್ಮೆಯ ಮಾತನ್ನು ಅಲ್ಲಗಳೆದು, ಅವನ ಕೀರ್ತಿಯನ್ನು ಉಳಿಸಿತು.